ಪದಬಂಧದ ಮೂಲೆ ತುಂಬುತ್ತಿಲ್ಲವಾ? ಅಕ್ಷರದ ಷರತ್ತಿಟ್ಟು ಕಟ್ಟುವವರಿಗೆ ದೋಷ ನಿವಾರಣೆ ಕೈಪಿಡಿ

ಹೋದ ಸಲ ಪದಬಂಧ ಕಟ್ಟುವಾಗ ಬಲಗಡೆಯ ಮೇಲಿನ ಮೂಲೆಯಲ್ಲಿ ಸಿಕ್ಕಿಹಾಕಿಕೊಂಡೆ. 9×9 ಚೌಕಟ್ಟು, ಮುಕ್ಕಾಲು ಪಾಲು ತುಂಬಿತ್ತು. ಮೇಲಿನ ಸಾಲಿನ ಕೊನೆಯ 5 ಮನೆಗಳಲ್ಲಿ ‘ಬೆಳದಿಂಗಳು’ ಕೂತಿತ್ತು. ಅದರ ಕೊನೆಯ ಮನೆಯಿಂದ 4 ಅಕ್ಷರದ ಪದವೊಂದು ಕೆಳಕ್ಕೆ ಇಳಿಯಬೇಕಿತ್ತು. ಸಿಗಲಿಲ್ಲ. ಬೆಳದಿಂಗಳು ಅಳಿಸಿ ‘ಕಾಮನಬಿಲ್ಲು’ ಹಾಕಿದೆ. ಆಗಲಿಲ್ಲ. ‘ಎಳೆಬಿಸಿಲು’ ಹಾಕಿದೆ. ಅದೂ ಆಗಲಿಲ್ಲ. ಎರಡು ಸಂಜೆ ಹೋಯಿತು, ರಬ್ಬರು ಅರ್ಧ ಸವೆಯಿತು, ಕಾಗದ ತೂತಾಯಿತು.

ಯಾಕೆ ಅಂತ ನಿಮಗೆ ಆಗಲೇ ಹೊಳೆದಿರಬಹುದು. ನನಗೆ ಹೊಳೆದಿರಲಿಲ್ಲ. ಎಲ್ಲಿ ಖಾಲಿ ಉಳಿದಿದೆಯೋ ಅಲ್ಲೇ ತಪ್ಪಿದೆ ಅಂದುಕೊಂಡು ಅಲ್ಲೇ ತಿದ್ದುತ್ತಿದ್ದೆ. ಮಾಡು ಸೋರುವಾಗ ನೀರು ತೊಟ್ಟಿಕ್ಕುವ ಜಾಗದ ನೇರಕ್ಕೇ ಹೆಂಚು ಒಡೆದಿರಬೇಕು ಅಂತ ಏನಿಲ್ಲ ಅಲ್ವಾ? ಪದಬಂಧವೂ ಹಾಗೇ. ಅದರಲ್ಲೂ ಉತ್ತರಗಳಿಗೆ ಒಂದು ಅಕ್ಷರದ ಷರತ್ತು ಹಾಕಿದ್ದರೆ, ತೂತು ಇನ್ನೂ ದೂರದಲ್ಲಿರುತ್ತದೆ.

ನನ್ನ ಷರತ್ತು ಇಷ್ಟು: ಮುಖ್ಯ ಉತ್ತರಗಳೆಲ್ಲ ಯಾವ ಅಕ್ಷರದಿಂದ ಶುರುವಾಗುತ್ತವೋ ಅದೇ ಅಕ್ಷರದಲ್ಲಿ ಮುಗಿಯಬೇಕು. ಕನ್ನಡಕ, ಸಹವಾಸ, ಗುಡುಗು, ವಿಕಟಕವಿ, ಹೀಗೆ. ಉಳಿದ ಪದಗಳಿಗೆ ಷರತ್ತಿಲ್ಲ. ನಿಮ್ಮ ಷರತ್ತು ಬೇರೆ ಇರಬಹುದು: ಒತ್ತಕ್ಷರವೇ ಬೇಡ, ಅಥವಾ ಎಲ್ಲ ಪದದ ನಡುವೆಯೂ ‘ರ’ ಇರಬೇಕು. ಹುಡುಕುವ ದಾರಿ ಅದೇ.

ಷರತ್ತೇ ಸಡಿಲವಾಗಿದ್ದರೆ

ಲಕ್ಷಣ: ಒಂದು ಪದ ನಿಯಮಕ್ಕೆ ಹೊಂದುತ್ತದೋ ಇಲ್ಲವೋ ಅಂತ ನಿಮಗೇ ದಿನಕ್ಕೊಂದು ಅಭಿಪ್ರಾಯ ಬರುವುದು.

ಕನ್ನಡ ಪದಬಂಧದಲ್ಲಿ ಒಂದು ಮನೆಗೆ ಒಂದು ಅಕ್ಷರ. ಗುಣಿತ, ಒತ್ತು, ಸೊನ್ನೆ ಎಲ್ಲ ಸೇರಿ ಒಂದೇ ಮನೆ. ಇದು ಎಲ್ಲರಿಗೂ ಗೊತ್ತು. ಆದರೆ ‘ಅದೇ ಅಕ್ಷರ’ ಅಂದಾಗ ಎಷ್ಟರ ಮಟ್ಟಿಗೆ ಅದೇ? ‘ಸಾಹಸ’ ನಡೆಯುತ್ತದಾ? ಅಲ್ಲಿ ಮೊದಲು ಸಾ, ಕೊನೆಗೆ ಸ. ‘ನಂದನ’? ಮೊದಲು ನಂ, ಕೊನೆಗೆ ನ. ‘ಪ್ರತಾಪ’ದಲ್ಲಿ ಪ್ರ ಮತ್ತು ಪ. ‘ಮನೋಧರ್ಮ’ದಲ್ಲಿ ಮ ಮತ್ತು ರ್ಮ. ಇವನ್ನು ಬಾಯಲ್ಲಿ ಹೇಳಿದರೆ ಹೊಂದಿದ ಹಾಗೆ ಕೇಳಿಸುತ್ತದೆ. ಮನೆಗಳಲ್ಲಿ ಬರೆದು ನೋಡಿದರೆ ಹೊಂದುವುದಿಲ್ಲ.

ನಾನಂತೂ ಬಿಗಿ ನಿಯಮದ ಕಡೆ. ಮನೆಯಲ್ಲಿ ಬರೆದದ್ದು ಕಣ್ಣಿಗೆ ಒಂದೇ ಥರ ಕಾಣಬೇಕು, ಇಲ್ಲದಿದ್ದರೆ ಬೇಡ. ಒಂದು ಸಾಹಸಕ್ಕೆ ಬಾಗಿಲು ತೆರೆದರೆ ಹಿಂದೆಯೇ ನಂದನ ಬರುತ್ತದೆ, ಆಮೇಲೆ ಷರತ್ತು ಹೆಸರಿಗೆ ಮಾತ್ರ ಉಳಿಯುತ್ತದೆ. ಇಂಗ್ಲಿಷ್ ಕಣ್ಣಿನಿಂದ ನೋಡುವ ಅಭ್ಯಾಸವೂ ಇಲ್ಲಿ ಕೈಕೊಡುತ್ತದೆ. ಇಂಗ್ಲಿಷ್ ಅಕ್ಷರಗಳಲ್ಲಿ ಹಿಂದಿನಿಂದ ಓದಿದರೂ ಅದೇ ಆಗುವ ‘ಮಲಯಾಳಂ’, ಕನ್ನಡದಲ್ಲಿ ಮ, ಲ, ಯಾ, ಳಂ ಆಗಿ ಬಿಡಿಬಿಡಿಯಾಗುತ್ತದೆ. ಅದೇ ‘ನವಜೀವನ’ ನಮ್ಮ ಅಕ್ಷರದಲ್ಲಿ ಮಾತ್ರ ಹಿಂದೆ ಮುಂದೆ ಒಂದೇ.

ನಿಯಮವನ್ನು ಒಂದು ಸಾಲಿನಲ್ಲಿ ಬರೆದು, ಪಕ್ಕದಲ್ಲಿ ನಡೆಯುವ 3 ಪದ, ನಡೆಯದ 3 ಪದ ಬರೆದಿಟ್ಟುಕೊಳ್ಳಿ. ಸಾಕು.

ದಾಸ್ತಾನು ಎಣಿಸದೆ ಚೌಕಟ್ಟು ಬರೆದಿದ್ದರೆ

ಲಕ್ಷಣ: ಮೊದಲ ಎರಡು ಮುಖ್ಯ ಪದ ಸಲೀಸಾಗಿ ಕೂರುತ್ತವೆ, ಮೂರನೆಯದಕ್ಕೆ ನಿಘಂಟು ತಿರುವಿ ತಿರುವಿ ಸಾಕಾಗುತ್ತದೆ.

ನಾವೆಲ್ಲ ಮಾಡುವ ತಪ್ಪು ಇದು. ಎರಡು ಒಳ್ಳೆ ಪದ ಹೊಳೆದ ತಕ್ಷಣ ಖುಷಿಯಾಗಿ ಚೌಕ ಎಳೆದುಬಿಡುತ್ತೇವೆ. ಮೊದಲು ಅಕ್ಷರವಾರು ಎಣಿಸಬೇಕು. 4 ಅಕ್ಷರದ ಪದಗಳಲ್ಲಿ ನಾನು ಎಣಿಸಿದ್ದು ಹೀಗೆ: ‘ಕ’ದಲ್ಲಿ ಕನ್ನಡಕ, ಕಥಾನಕ, ಕರ್ನಾಟಕ, ಕರಣಿಕ. ‘ಸ’ದಲ್ಲಿ ಸಹವಾಸ, ಸಮರಸ. ಅಲ್ಲಿಗೆ ಉಸಿರು ಕಟ್ಟಿತು. ಸಮಾವೇಶ ಅಂತ ಸಂಭ್ರಮಪಟ್ಟೆ, ಕೊನೆಗೆ ಇರುವುದು ಶ. ‘ಪ’ದಲ್ಲಿ ಪರಿತಾಪ, ಪಶ್ಚಾತ್ತಾಪ. ಎರಡರ ಅರ್ಥವೂ ಅಕ್ಕಪಕ್ಕ, ಒಂದೇ ಪದಬಂಧದಲ್ಲಿ ಎರಡನ್ನೂ ಇಡುವ ಹಾಗಿಲ್ಲ. ‘ರ’ದಲ್ಲಿ ರತ್ನಾಕರ, ರಣಶೂರ. ‘ಮ’ದಲ್ಲಿ ಮನೋರಮ ಒಂದೇ.

5 ಅಕ್ಷರಕ್ಕೆ ಹೋದರೆ ‘ನ’ ಸಮೃದ್ಧ ಅನ್ನಿಸುತ್ತದೆ: ನವಜೀವನ, ನವಚೇತನ, ನವಯೌವನ, ನವನವೀನ. ಆದರೆ ನಾಲ್ಕರ ತಲೆಯಲ್ಲೂ ಅದೇ ‘ನವ’. ಬಿಡಿಸುವವರಿಗೆ ಒಂದು ಸಿಕ್ಕರೆ ನಾಲ್ಕೂ ಸಿಕ್ಕಂತೆ. ದಾಸ್ತಾನಿನಲ್ಲಿ ಅದನ್ನು 1 ಅಂತಲೇ ಎಣಿಸಿ, 4 ಅಂತ ಅಲ್ಲ.

ಎಣಿಸುವಾಗ ಷರತ್ತು ಯಾವ ಬಗೆಯ ಪದಗಳನ್ನು ಸದ್ದಿಲ್ಲದೆ ಹೊರಗಿಡುತ್ತದೆ ಅನ್ನುವುದೂ ಗೊತ್ತಾಗುತ್ತದೆ. ನನ್ನ ಷರತ್ತಿನಲ್ಲಿ ಸ್ವರದಿಂದ ಶುರುವಾಗುವ ಒಂದು ಪದವೂ ಬರುವಂತಿಲ್ಲ. ನಮ್ಮ ಪದಗಳು ಬರೀ ಅ, ಆ, ಇ ಅಂತ ಮುಗಿಯುವುದಿಲ್ಲವಲ್ಲ! ನಿಘಂಟಿನ ಮೊದಲ ದೊಡ್ಡ ಭಾಗವೇ ಹೋಯಿತು. ಅಚ್ಚಗನ್ನಡ ಪದಗಳು ಜಾಸ್ತಿ ‘ಉ’ಕಾರದಲ್ಲಿ ಮುಗಿಯುತ್ತವೆ, ಹಾಗಾಗಿ ‘ಉ’ಕಾರದಲ್ಲೇ ಶುರುವಾಗುವ ಗುಡುಗು, ಗುನುಗು, ಕುಟುಕು, ಕುಲುಕು ಥರದವು ಮಾತ್ರ ಉಳಿಯುತ್ತವೆ. ಉಳಿದದ್ದರಲ್ಲಿ ಹೆಚ್ಚಿನವು ಸಂಸ್ಕೃತದ ಕಡೆಯ ಪದಗಳು.

ತುಟಿ ತಾಗದ ಅಕ್ಷರಗಳಷ್ಟೇ ಅನ್ನುವ ಷರತ್ತು ಇಟ್ಟು ನೋಡಿ, ಇನ್ನೂ ಬಿಗಿ. ಕಟ್ಟುನಿಟ್ಟಾಗಿ ಲೆಕ್ಕ ಹಾಕಿದರೆ ಪ, ಫ, ಬ, ಭ, ಮ, ವ ಮಾತ್ರವಲ್ಲ, ಉ, ಊ, ಒ, ಓ, ಔ ಕೂಡ ಹೋಗುತ್ತವೆ. ಹಾಲು, ಊರು, ಕಾಡು, ಮಾತು ಎಲ್ಲ ಒಟ್ಟಿಗೆ ಮಾಯ. ಸಂಸ್ಕೃತದ ಕವಿ ದಂಡಿ, ತುಟಿಗೆ ಗಾಯವಾದ ಒಂದು ಪಾತ್ರದ ಬಾಯಲ್ಲಿ ಇಡೀ ಕಥೆಯನ್ನೇ ತುಟಿ ತಾಗದ ಅಕ್ಷರಗಳಲ್ಲಿ ಹೇಳಿಸಿದ್ದಾನೆ. ನಮಗೆ ಒಂದು 9×9 ಚೌಕಕ್ಕೇ ಬೆವರು ಇಳಿಯುತ್ತದೆ.

ಮುಖ್ಯ ಪದ ಎಷ್ಟು ಬೇಕೋ ಅದರ ಎರಡರಷ್ಟಾದರೂ ಕೈಯಲ್ಲಿರಲಿ. ಇಲ್ಲದಿದ್ದರೆ ಷರತ್ತು ಬದಲಿಸಿ, ಚೌಕಟ್ಟನ್ನಲ್ಲ.

ಮೂಲೆಯ ದೋಷ

ಈಗ ನನ್ನ ಬೆಳದಿಂಗಳಿಗೆ ಬರೋಣ. ಲಕ್ಷಣ: ಎಡಗಡೆಯ ಮೇಲಿನ ಮೂಲೆ, ಬಲಗಡೆಯ ಕೆಳಗಿನ ಮೂಲೆ ಆರಾಮಾಗಿ ತುಂಬುತ್ತವೆ. ಉಳಿದೆರಡು ಮೂಲೆ ಯಾವಾಗಲೂ ಕಾಡುತ್ತವೆ.

ಇದು ಕಾಕತಾಳೀಯ ಅಲ್ಲ. ಎಡ ಮೇಲಿನ ಮೂಲೆಯಲ್ಲಿ ಎರಡು ಪದ ಶುರುವಾಗುತ್ತವೆ. ಬಲ ಕೆಳಗಿನ ಮೂಲೆಯಲ್ಲಿ ಎರಡು ಪದ ಮುಗಿಯುತ್ತವೆ. ಬಲ ಮೇಲಿನ ಮೂಲೆಯಲ್ಲಿ ಮಾತ್ರ ಅಡ್ಡ ಪದ ಮುಗಿದು ಅದೇ ಮನೆಯಿಂದ ಕೆಳಗಿನ ಪದ ಶುರುವಾಗಬೇಕು. ಎಡ ಕೆಳಗಿನ ಮೂಲೆಯಲ್ಲಿ ಇದರ ಉಲ್ಟಾ. ಕನ್ನಡದಲ್ಲಿ ಪದ ಮುಗಿಯುವ ಅಕ್ಷರಗಳೇ ಬೇರೆ, ಶುರುವಾಗುವ ಅಕ್ಷರಗಳೇ ಬೇರೆ. ಒಂದು ಮನೆಗೆ ಎರಡೂ ಕೆಲಸ ಕೊಟ್ಟರೆ ಅದು ಸಿಕ್ಕಿಕೊಳ್ಳುತ್ತದೆ. ಇಂಥ ಮನೆಗೆ ನಾನು ‘ಜಗಳದ ಮನೆ’ ಅನ್ನುತ್ತೇನೆ. ಮೂಲೆಯಲ್ಲೇ ಇರಬೇಕು ಅಂತಿಲ್ಲ, ಕಪ್ಪು ಮನೆಗಳ ನಡುವೆ ಎಲ್ಲಿ ಬೇಕಾದರೂ ಹುಟ್ಟಿಕೊಳ್ಳಬಹುದು.

ಖಾಲಿ ಚೌಕಟ್ಟಿನಲ್ಲೇ, ಒಂದು ಅಕ್ಷರವೂ ಬರೆಯುವ ಮೊದಲು, ಜಗಳದ ಮನೆಗಳಿಗೆ ಚುಕ್ಕಿ ಇಡಿ. ಅಲ್ಲಿ ಕೂರುವ ಅಕ್ಷರ ಈ ಕೆಳಗಿನ ಯಾವ ಗುಂಪಿನದು ನೋಡಿ.

ಸತ್ತ ಅಕ್ಷರಗಳು: ಇವುಗಳಿಂದ ಪದ ಶುರುವಾಗುವುದೇ ಇಲ್ಲ. ಳ ಮತ್ತು ಅದರ ಗುಣಿತ. ಣ ಮತ್ತು ಅದರ ಗುಣಿತ (ಜೈನರ ಣಮೋಕಾರ ಮಂತ್ರ ಒಂದು ಅಪವಾದ, ಆದರೆ ಎಷ್ಟು ಪದಬಂಧಕ್ಕೆ ಅದನ್ನೇ ಹಾಕುತ್ತೀರಿ?). ಅದೇ ಅಕ್ಷರಕ್ಕೆ ಅದೇ ಒತ್ತು ಬಂದವು: ಕಲ್ಲಿನ ಲ್ಲು, ಹಣ್ಣಿನ ಣ್ಣು, ಬೆಟ್ಟದ ಟ್ಟ, ಹಕ್ಕಿಯ ಕ್ಕಿ. ಹೂವಿನ ‘ವು’ ಕೂಡ ಹಾಗೇ. ಬೇರೆ ಬೇರೆ ವ್ಯಂಜನ ಕೂಡಿದ ಪ್ರ, ಸ್ವ, ಕ್ಷ ಮಾತ್ರ ಪದದ ತಲೆಯಲ್ಲಿ ಬರುತ್ತವೆ.

ಬಡ ಅಕ್ಷರಗಳು: ಒಂದೆರಡು ಪದವಷ್ಟೇ ಇರುವವು. ‘ಲು’ ಅಂದರೆ ಲುಂಗಿ, ಲುಕ್ಸಾನು. ‘ಡು’ ಅಂದರೆ ಡುಮ್ಮ.

ಒಳ್ಳೆಯ ಅಕ್ಷರಗಳು: ಮುಗಿಸಲೂ ಶುರುಮಾಡಲೂ ಒದಗುವವು. ಮಾತಿನ ತು (ತುಟಿ, ತುದಿ), ಮಗುವಿನ ಗು (ಗುರು, ಗುಲಾಬಿ), ಮನೆಯ ನೆ (ನೆರಳು, ನೆನಪು), ಊರಿನ ರು (ರುಚಿ, ರುಮಾಲು). ಅಕಾರದ ಕ, ನ, ಮ, ಸ ಅಂತೂ ಕೈತುಂಬ.

ಈಗ ನಾನು ಮಾಡಿದ್ದು ನೋಡಿ. ಬೆಳದಿಂಗಳು ಮುಗಿಯುವುದು ಳು. ಸತ್ತಿದೆ. ಕಾಮನಬಿಲ್ಲು ಮುಗಿಯುವುದು ಲ್ಲು. ಸತ್ತಿದೆ. ಎಳೆಬಿಸಿಲು ಮುಗಿಯುವುದು ಲು. ಬಡ ಅಕ್ಷರ, ಅದರಲ್ಲೂ ನನಗೆ ಬೇಕಿದ್ದದ್ದು 4 ಅಕ್ಷರದ ಪದ. ಪದ ಬದಲಿಸುತ್ತಿದ್ದೇನೆ ಅಂದುಕೊಂಡು ರೋಗವನ್ನೇ ಇನ್ನೊಂದು ಹೆಸರಿನಲ್ಲಿ ಕೂರಿಸುತ್ತಿದ್ದೆ. ನಿಘಂಟು ಎಷ್ಟು ದಪ್ಪ ಇದ್ದರೇನು, ‘ಳು’ ಅನ್ನುವ ಪುಟವೇ ಅದರಲ್ಲಿಲ್ಲ.

ಎಡ ಕೆಳಗಿನ ಮೂಲೆಗೆ ಇದರ ಕನ್ನಡಿ ನಿಯಮ: ಅಲ್ಲಿ ಅಡ್ಡ ಪದ ಸ್ವರದಿಂದ ಶುರುವಾಗಬಾರದು. ಎಳೆಬಿಸಿಲನ್ನು ಅಲ್ಲಿ ಇಟ್ಟರೆ ಮೇಲಿನಿಂದ ಇಳಿದು ಬರುವ ಪದ ‘ಎ’ದಲ್ಲಿ ಮುಗಿಯಬೇಕಾಗುತ್ತದೆ. ಸ್ವರದ ಪದಗಳಿಗೆ ಎಡ ಮೇಲಿನ ಮೂಲೆಯಂಥ ಜಾಗವೇ ಸರಿ, ಅಥವಾ ಮೊದಲ ಮನೆಯನ್ನು ಇನ್ನೊಂದು ಪದ ಹಾಯದ ಜಾಗ.

ಇಲ್ಲೇ ಷರತ್ತು ನಮ್ಮ ನೆರವಿಗೆ ಬರುತ್ತದೆ. ಶುರುವಾದ ಅಕ್ಷರದಲ್ಲೇ ಮುಗಿಯುವ ಪದದ ಕೊನೆಯ ಅಕ್ಷರದಿಂದ ಖಂಡಿತ ಇನ್ನೊಂದು ಪದ ಶುರುವಾಗುತ್ತದೆ, ಯಾಕೆಂದರೆ ಅದೇ ಪದ ಅದರಿಂದ ಶುರುವಾಗಿದೆ! ಅಂದರೆ ಮುಖ್ಯ ಪದಗಳನ್ನು ಜಗಳದ ಮನೆ ಇರುವ ಕಡೆಯೇ ಇಡಬೇಕು. ನಾನು ಅವನ್ನು ಚೆಂದ ಕಾಣಲಿ ಅಂತ ನಡುವೆ ಮತ್ತು ಕೆಳಗೆ ಇಟ್ಟಿದ್ದೆ, ಜಗಳದ ಮನೆಗಳಿಗೆ ಮಾಮೂಲಿ ಪದಗಳನ್ನು ದೂಡಿದ್ದೆ.

ಇದಕ್ಕೂ ಒಂದು ಮಿತಿ ಇದೆ. ನಾಲ್ಕು ಮುಖ್ಯ ಪದಗಳನ್ನು ಚೌಕಟ್ಟಿನ ನಾಲ್ಕು ಅಂಚಿಗೂ ಸುತ್ತಿದರೆ ನಾಲ್ಕು ಮೂಲೆಗೂ ಒಂದೇ ಅಕ್ಷರ ಬರಬೇಕಾಗುತ್ತದೆ. ಮೇಲಿನ ಪದ ‘ರತ್ನಾಕರ’ ಆದರೆ ಎಡದ್ದೂ ಬಲದ್ದೂ ‘ರ’, ಆಗ ಕೆಳಗಿನದೂ ‘ರ’. ನಮ್ಮ ದಾಸ್ತಾನಿನಲ್ಲಿ ‘ರ’ ಎರಡೇ. ಸುತ್ತು ಪೂರ್ತಿಯಾಗುವುದಿಲ್ಲ. ‘ಕ’ದಲ್ಲಿ ಮಾತ್ರ ಆಗುತ್ತದೆ:

ಕ – ರ್ನಾ – ಟ – ಕ
ಥಾ – ■ – ■ – ನ್ನ
ನ – ■ – ■ – ಡ
ಕ – ರ – ಣಿ – ಕ

ಮೇಲೆ ಕರ್ನಾಟಕ, ಎಡಕ್ಕೆ ಕಥಾನಕ, ಬಲಕ್ಕೆ ಕನ್ನಡಕ, ಕೆಳಗೆ ಕರಣಿಕ. ನೋಡಲು ಸೊಗಸು. ಆದರೆ ಒಂದು ಮೂಲೆ ಗೊತ್ತಾದರೆ ನಾಲ್ಕೂ ಗೊತ್ತಾಗುತ್ತವೆ, ಬಿಡಿಸುವ ಆಟ ಬೇಗ ಮುಗಿಯುತ್ತದೆ. ನಾನು ಸುತ್ತು ಕಟ್ಟುವುದಿಲ್ಲ. ಎರಡು ಮುಖ್ಯ ಪದಗಳನ್ನು ಒಂದು ಮೂಲೆಯಲ್ಲಿ ಸೇರಿಸಿ ಅಲ್ಲಿಗೆ ಬಿಡುತ್ತೇನೆ.

ನಡುವೆ ಸಿಕ್ಕಿಕೊಂಡರೆ

ಮೂಲೆ ಅಲ್ಲ, ಚೌಕದ ನಡುವೆ ಒಂದು ಮನೆ ಹಟ ಹಿಡಿದಿದೆ. ಆಗ ಪೆನ್ಸಿಲ್ ಲೆಕ್ಕ. ಆ ಮನೆಯ ಸುತ್ತ ಖಾಲಿ ಇರುವ ಪ್ರತಿ ಪದದ ಜಾಗಕ್ಕೂ, ಈಗಾಗಲೇ ಬಿದ್ದಿರುವ ಅಕ್ಷರಗಳಿಗೆ ಹೊಂದುವ ಪದ ಎಷ್ಟಿವೆ ಅಂತ ಅಂಚಿನಲ್ಲಿ ಬರೆಯಿರಿ. 12, 7, 3, 0 ಹೀಗೆ. 0 ಬಂದ ಜಾಗವನ್ನು ಬಿಡಿ, ಅದಕ್ಕೆ ಅಕ್ಷರ ಕೊಟ್ಟ ಪದಗಳನ್ನು ನೋಡಿ. ಅವುಗಳಲ್ಲಿ ಯಾವುದಕ್ಕೆ ಬದಲಿ ಜಾಸ್ತಿ ಇದೆಯೋ ಅದನ್ನು ಮೊದಲು ಅಳಿಸಿ. ನಮ್ಮ ಕೈ ಸಹಜವಾಗಿ ಕೊನೆಯಲ್ಲಿ ಬರೆದದ್ದನ್ನು ಅಳಿಸುತ್ತದೆ. ಅದು ತಪ್ಪಿತಸ್ಥ ಆಗಿರುವುದು ಕಡಿಮೆ.

ಇನ್ನೊಂದು ಕಾರಣ: ಕಪ್ಪು ಮನೆ ಕಡಿಮೆಯಾಗಿರಬಹುದು. ಅಮೆರಿಕದ ಪತ್ರಿಕೆಗಳ 15×15 ಚೌಕಟ್ಟುಗಳಲ್ಲಿ ಪ್ರತಿ ಅಕ್ಷರವೂ ಅಡ್ಡಕ್ಕೂ ಕೆಳಕ್ಕೂ ಸೇರಿರುತ್ತದೆ. ಅದನ್ನು ನೋಡಿ ಆಸೆ ಪಡಬೇಡಿ. ಅಲ್ಲಿ ಒಂದು ಮನೆಗೆ ಇರುವ ಸಾಧ್ಯತೆ 26. ನಮ್ಮಲ್ಲಿ 34 ವ್ಯಂಜನಕ್ಕೆ 13 ಸ್ವರ ಸೇರಿದರೆ ಗುಣಿತಾಕ್ಷರಗಳೇ 442, ಒತ್ತಕ್ಷರ ಬೇರೆ. ಎರಡು ಪದ ಒಂದು ಮನೆಯಲ್ಲಿ ಒಪ್ಪುವುದು ಅಷ್ಟು ಅಪರೂಪ. ಪ್ರತಿ ಎರಡನೆಯ ಮನೆಯಲ್ಲಿ ಹಾಯ್ದರೆ ಸಾಕು. ಷರತ್ತಿನ ಪದಗಳ ಸುತ್ತ ಒಂದೆರಡು ಕಪ್ಪು ಮನೆ ಜಾಸ್ತಿಯೇ ಇರಲಿ.

ಕಂಪ್ಯೂಟರ್ ಕೊಟ್ಟ ಪಟ್ಟಿ ಸುಳ್ಳು ಹೇಳುತ್ತಿದ್ದರೆ

ಪದಪಟ್ಟಿಯನ್ನು ಪ್ರೋಗ್ರಾಂನಲ್ಲಿ ಸೋಸುವವರಿಗೆ ಮಾತ್ರ ಈ ಭಾಗ. ಲಕ್ಷಣ: ‘ಗುಡುಗು’, ‘ಕಿಟಕಿ’ ಪಟ್ಟಿಯಲ್ಲಿ ಇಲ್ಲ, ‘ಕ್ಷಣಿಕ’, ‘ಪ್ರತಾಪ’, ‘ಮನೋಧರ್ಮ’ ಮಾತ್ರ ರಾಜಾರೋಷವಾಗಿ ಬಂದು ಕೂತಿವೆ.

ಕಾರಣ, ಯೂನಿಕೋಡ್‌ನಲ್ಲಿ ನಮ್ಮ ಒಂದು ಅಕ್ಷರ ಹಲವು ಸಂಕೇತಗಳ ಸಾಲು. ‘ಕನ್ನಡಕ’ ನಮಗೆ 4 ಅಕ್ಷರ, ಯಂತ್ರಕ್ಕೆ 6 ಸಂಕೇತ: ಕ, ನ, ವಿರಾಮ (ಒತ್ತು ಕೂಡಿಸುವ ಹಲಂತ ಚಿಹ್ನೆ), ನ, ಡ, ಕ. ‘ಪಶ್ಚಾತ್ತಾಪ’ 4 ಅಕ್ಷರ, 10 ಸಂಕೇತ. ಮೊದಲ ಸಂಕೇತವನ್ನು ಕೊನೆಯ ಸಂಕೇತದ ಜೊತೆ ಹೋಲಿಸಿದರೆ ಗುಡುಗಿನಲ್ಲಿ ಒಂದು ಕಡೆ ‘ಗ’, ಇನ್ನೊಂದು ಕಡೆ ಬರೀ ಕೊಂಬು. ಹೊಂದುವುದಿಲ್ಲ ಅನ್ನುತ್ತದೆ. ಕ್ಷಣಿಕದಲ್ಲಿ ಕ್ಷ ಒಡೆದು ಮೊದಲು ‘ಕ’ ಸಿಗುತ್ತದೆ, ಕೊನೆಗೂ ‘ಕ’. ಹೊಂದಿತು ಅನ್ನುತ್ತದೆ.

ಪರಿಹಾರ ಕಷ್ಟದ್ದಲ್ಲ. ಪದವನ್ನು ಮೊದಲು ಅಕ್ಷರಗಳಾಗಿ ಒಡೆಯಿರಿ: ಒಂದು ವ್ಯಂಜನ, ಅದರ ಹಿಂದೆ ವಿರಾಮ ಮತ್ತು ವ್ಯಂಜನದ ಜೋಡಿ ಎಷ್ಟು ಬಂದರೂ ಅಷ್ಟೂ, ಆಮೇಲೆ ಗುಣಿತದ ಚಿಹ್ನೆ, ಸೊನ್ನೆ ಅಥವಾ ವಿಸರ್ಗ ಇದ್ದರೆ ಅದೂ. ಪದದ ಕೊನೆಯಲ್ಲಿ ವಿರಾಮವೇ ಉಳಿದರೆ ಅದನ್ನೂ ಸೇರಿಸಿ. ಸ್ವರ ಆದರೆ ಸ್ವರ, ಸೊನ್ನೆ. ಸಿದ್ಧ ಸೌಲಭ್ಯಗಳನ್ನು ಕಣ್ಣುಮುಚ್ಚಿ ನಂಬಬೇಡಿ, ಕೆಲವು ಒತ್ತಕ್ಷರವನ್ನು ಎರಡಾಗಿ ಸೀಳುತ್ತವೆ. ‘ಕನ್ನಡಕ’ ಕೊಟ್ಟು 4 ಬರುತ್ತದಾ ಅಂತ ನೋಡಿದರೆ ಗೊತ್ತಾಗುತ್ತದೆ.

ಆದರೂ ಒಂದೇ ಥರ ಕಾಣುವ ಎರಡು ‘ಕೋ’ ಬೇರೆ ಬೇರೆ ಅಂತ ಬಂದರೆ, ಒಂದನ್ನು ಒಂದೇ ಚಿಹ್ನೆಯಲ್ಲೂ ಇನ್ನೊಂದನ್ನು ತುಂಡು ತುಂಡಾಗಿಯೂ ಟೈಪ್ ಮಾಡಿರುತ್ತಾರೆ. ಪಟ್ಟಿಯನ್ನು ಮೊದಲೇ ಯೂನಿಕೋಡ್ ನಾರ್ಮಲೈಸೇಷನ್‌ಗೆ ಒಳಪಡಿಸಿದರೆ ಸರಿಹೋಗುತ್ತದೆ. ಕಣ್ಣಿಗೆ ಕಾಣದ ಬೇರ್ಪಡಿಕೆ ಚಿಹ್ನೆಗಳನ್ನೂ ಕಿತ್ತುಹಾಕಿ.

ಕಳ್ಳದಾರಿಗಳು

ದಾಸ್ತಾನು ಸಾಲದಾದಾಗ ವಿಭಕ್ತಿ ಪ್ರತ್ಯಯ ಕೈಬೀಸಿ ಕರೆಯುತ್ತದೆ. ನಟನ, ನಲ್ಲನ, ನಮ್ಮವನ. ಎಲ್ಲ ‘ನ’ದಿಂದ ‘ನ’ಕ್ಕೆ, ಎಷ್ಟು ಬೇಕಾದರೂ ಸಿಗುತ್ತವೆ. ಬೇಡ. ಬಿಡಿಸುವವರು ಒಂದನ್ನು ಸಹಿಸಿಕೊಳ್ಳುತ್ತಾರೆ, ಎರಡನೆಯದಕ್ಕೆ ಪೆನ್ನು ಕೆಳಗಿಡುತ್ತಾರೆ. ನಿಘಂಟಿನಲ್ಲಿ ಅದೇ ರೂಪದಲ್ಲಿ ಪದವಾಗಿ ನಿಂತಿದ್ದರೆ ಮಾತ್ರ ಮುಖ್ಯ ಪದ.

ಎರಡು ಕಾಗುಣಿತ ಇರುವ ಪದಗಳೂ ಅಪಾಯ. ‘ಸನ್ಯಾಸ’ ಅಂತ ಬರೆದರೆ ಷರತ್ತು ಉಳಿಯುತ್ತದೆ. ‘ಸಂನ್ಯಾಸ’ ಅಂತ ಬರೆಯುವವರ ಕೈಯಲ್ಲಿ ಮುರಿಯುತ್ತದೆ. ಯಾರು ಸರಿ ಅಂತ ವಾದ ಮಾಡುವ ಬದಲು ಆ ಪದ ಬಿಟ್ಟುಬಿಡುವುದು ಸುಲಭ.

ಬಿಡಿಸುವಾಗ ಮಾತ್ರ ಕಾಣುವ ದೋಷ

ಕಟ್ಟಿ ಮುಗಿಸಿ, ತಂಗಿಗೆ ಬಿಡಿಸಲು ಕೊಟ್ಟೆ. 3 ಮನೆಯ ಒಂದು ಉತ್ತರಕ್ಕೆ ‘ಎರಡು ಒಂದಾದಾಗ ಹುಟ್ಟುವುದು’ ಅಂತ ಸುಳಿವು ಕೊಟ್ಟಿದ್ದೆ. ಅವಳು ‘ಸರಸ’ ಬರೆದಿದ್ದಳು.

“ಸರಸ ಅಲ್ಲ ಕಣೇ, ಸಮಾಸ.”

“ಹಾಗಾದ್ರೆ ಎರಡು ಪದ ಅಂತ ಬರೀಬೇಕಿತ್ತು ಅಣ್ಣಾ. ನೀನು ಬರೆದಿರೋದಕ್ಕೆ ನನ್ನದೇ ಸರಿ.”

ಅವಳದ್ದೇ ಸರಿ. ಸುಳಿವು ಮಾತ್ರವಲ್ಲ, ಕಟ್ಟಿದ್ದೂ ತಪ್ಪು. ಷರತ್ತು ಗೊತ್ತಾದ ಕೂಡಲೇ ಮೊದಲ ಅಕ್ಷರದಿಂದ ಕೊನೆಯದು ಪುಕ್ಕಟೆ ಸಿಗುತ್ತದೆ, ಉಳಿಯುವುದು ನಡುವಿನ ಮನೆ. ನಾನು ಮೊದಲ ಮತ್ತು ಕೊನೆಯ ಮನೆಗಳ ಮೇಲೆ ಪದ ಹಾಯಿಸಿ ನಡುವಿನದನ್ನು ಒಂಟಿಯಾಗಿ ಬಿಟ್ಟಿದ್ದೆ. ಸರಸ, ಸಮಾಸ ಎರಡೂ ಕೂರುತ್ತವೆ. ಸಣ್ಣ ಮುಖ್ಯ ಪದಗಳಲ್ಲಿ ನಡುವಿನ ಮನೆಯನ್ನೇ ಇನ್ನೊಂದು ಪದ ಹಾಯಬೇಕು.

ಅವಳೇ ಇನ್ನೊಂದನ್ನೂ ಹಿಡಿದಳು. ಮಾಮೂಲಿ ಪದಗಳ ನಡುವೆ ‘ನಯನ’ ಇತ್ತು. ಅದೂ ಷರತ್ತಿಗೆ ಹೊಂದುತ್ತದೆ, ನಾನು ಗಮನಿಸಿರಲಿಲ್ಲ. ಹಾಗಾಗಿ ಅವಳು ಉಳಿದ ಸಣ್ಣ ಪದಗಳಿಗೂ ಅದೇ ನಿಯಮ ಅಂದುಕೊಂಡು ತುಂಬಾ ಹೊತ್ತು ಹೆಣಗಿದ್ದಳು. ‘ನಯನ’ ತೆಗೆದು ‘ನಗರ’ ಹಾಕಿದೆ.

ಬಲ ಮೇಲಿನ ಮೂಲೆಗೆ ಕೊನೆಗೆ ಮಾಡಿದ್ದು ಇಷ್ಟೇ. ಕೆಳಗಿನ ಸಾಲಿನ ಬಲ ತುದಿಯಲ್ಲೂ 5 ಮನೆಯ ಜಾಗವಿತ್ತು, ಅಲ್ಲಿ ಮುಖ್ಯ ಪದ ‘ಕಥಾನಾಯಕ’ ಸುಮ್ನೆ ಕೂತಿತ್ತು. ಅದನ್ನೂ ಬೆಳದಿಂಗಳನ್ನೂ ಅದಲು ಬದಲು ಮಾಡಿದೆ. ಮೇಲೆ ಕಥಾನಾಯಕನ ‘ಕ’ದಿಂದ ಕನ್ನಡಕ ಇಳಿಯಿತು. ಕೆಳಗೆ ‘ಳು’ ಬಿದ್ದದ್ದು ಎರಡು ಪದ ಮುಗಿಯುವ ಮೂಲೆಗೆ, ಅಲ್ಲಿಗೆ ಮೇಲಿನಿಂದ ‘ನೆರಳು’ ಇಳಿದು ಬಂತು. ನಡುವಿನ ಎರಡು ಸಣ್ಣ ಪದ ಬದಲಿಸಬೇಕಾಯಿತು. ಹತ್ತು ನಿಮಿಷದ ಕೆಲಸ.